ಹಸಿರಿಗೆ ಬಂದ ಬೆಂಡು

ಸವಳಂಗ ರಸ್ತೆಯ ಹಂಪ್ ಹಾರಿ ಆಸ್ಪತ್ರೆಯಿಂದ ಊರಿಗೆ ಮರಳುವ ಭದ್ರಾವತಿ ಬಸ್ಸು ಧೊಪ್ಪನೆ ಕೂತಾಗ ಹೊಟ್ಟೆಯ ಹೊಲಿಗೆ ಎಳೆದಂತಾಯಿತು, ಎಳೆದದ್ದೋ ಎಳೆದಂತೆ ಅನಿಸಿದ್ದೋ, ಗಾಯ ಒಣಗಿ ಎಷ್ಟೋ ತಿಂಗಳಾಯಿತಲ್ಲ, ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆ ಕತ್ತರಿಸಿದವರು ಎಲ್ಲಾ ತೆಗೆದಿದ್ದೀವಿ ಅಂದಿದ್ದರಲ್ಲ, ಆದರೂ ಖಲಂದರ್‌ನ ಕೈ ತಾನಾಗಿ ಅಲ್ಲಿಗೆ ಹೋಯಿತು — ಪಕ್ಕದಲ್ಲಿ ಹೆಂಡತಿ ಶಮ್ಸುನ್ನೀಸಾ ಔಷಧಿ ಚೀಲ ಮಡಿಲಲ್ಲಿಟ್ಟು ಖುಷಿಯಾಗಿ ಕೂತಿದ್ದಾಳೆ, ಅಜೀ, ಬಿ-ಸಿಕ್ಸ್ ಏರಿದೆ ಅಂದ್ರಲ್ಲ ಡಾಕ್ಟ್ರು, ನಾನು ಹೇಳಿರಲಿಲ್ವಾ, ಹೇಳಿದ್ದಳು, ರಕ್ತದಲ್ಲಿ ಆ ವಿಟಮಿನ್ ಕಡಿಮೆಯಿದ್ದವರನ್ನು ಈ ಕಾಯಿಲೆ ಹೆಚ್ಚು ಕಾಡುತ್ತದಂತೆ ಎಂದು ಮಗಳು ಅಂಬ್ರೀನ್ ಮೊಬೈಲಿನಲ್ಲಿ ಓದಿದ್ದೇ ತಡ, ದಿನಾ ಕುರಿಯ ಲಿವರಿನ ಕಲೇಜಿ, ಬಾಳೆಹಣ್ಣು, ಮೇಲೊಂದು ಕೆಂಪು ಬಿ-ಕಾಂಪ್ಲೆಕ್ಸ್ ಮಾತ್ರೆ, ಮೂತ್ರ ಹಳದಿಯಾದರೆ ಹಿಡೀತಾ ಇದೆ ಅಂತ ಹೆಂಡತಿಯ ನಗು, ಒಳಗೆ ಅರಿಶಿನದ ಗಿರಣಿ ಇಟ್ಕೊಂಡಿದ್ದೀರಾ ಅಂತ — ಅವಳು ಚೀಟಿ ಹಿಡಿದು ಮೆಡಿಕಲ್‌ಗೆ ಇಳಿದುಹೋದ ಮೇಲೆ ಡಾಕ್ಟರು ಹೇಳಿದ್ದನ್ನು ಕೇಳಿದವನು ಅವನೊಬ್ಬನೇ, ಏರಿದ್ದು ಒಳ್ಳೇದೇ ಖಲಂದರ್, ಆದ್ರೆ ಕಡಿಮೆ ಇರೋದು ಒಂದು ಗುರುತು ಅಷ್ಟೆ, ಮಾತ್ರೆ ನುಂಗಿ ಏರಿಸಿದ್ರೆ ಕಾಯಿಲೆ ವಾಪಸ್ ಬರಲ್ಲ ಅಂತ ಯಾರೂ ಇನ್ನೂ ತೋರಿಸಿಲ್ಲ, ಮುಂದಿನ ತಿಂಗಳ ಸ್ಕ್ಯಾನೇ ಹೇಳ್ಬೇಕು — ಗುರುತು, ಅದು ಅವನಿಗೆ ಗೊತ್ತಿಲ್ಲದ ಮಾತೇ, ಭದ್ರಾವತಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟವನಿಗೆ, ಮೊನ್ನೆ ಮಂಜಪ್ಪ ತನ್ನ ಆಟೋದ ಸತ್ತ ಬ್ಯಾಟರಿ ತಂದು ಕುಕ್ಕಿದ್ದ, ಗಾಜಿನ ಕೊಳವೆಗೆ ಬ್ಯಾಟರಿ ನೀರು ಎಳೆದು ನೋಡಿದರೆ ಚಾರ್ಜ್ ಎಷ್ಟಿದೆ ಅಂತ ತೇಲಿ ತೋರಿಸುವ ಒಳಗಿನ ಬೆಂಡು ಕೆಂಪು ಗೆರೆಯಲ್ಲೇ ಮುಳುಗಿತ್ತು, ಒಂದಿಷ್ಟು ಆಸಿಡ್ ಹಾಕು ಮಾರಾಯ ಅಂದ, ಇವನು ಹಾಕಿದ, ಬೆಂಡು ಹಸಿರಿಗೆ ಬಂತು, ನೋಡಿದ್ಯಾ ಅಂತ ಮಂಜಪ್ಪ ಕುಣಿದ, ಬೆಂಡು ಏರಿದ್ರೆ ಆಯ್ತಾ ಮಾರಾಯ, ಒಳಗೆ ಕರೆಂಟು ಹಿಡಿಯೋ ಸೀಸದ ಪ್ಲೇಟು ಚೆನ್ನಾಗಿರ್ಬೇಕಲ್ಲ ಅಂತ ತಾನೇ ನಕ್ಕಿದ್ದು, ಕೀಲಿ ತಿರುಗಿಸಿದರೆ ಆಟೋ ಕಿರ್ ಅಂದು ಸುಮ್ಮನಾಗಿದ್ದು — ಆದರೆ ಪ್ಲೇಟು ಚೆನ್ನಾಗಿರುವ ಬ್ಯಾಟರಿಯಲ್ಲೂ ಬೆಂಡು ಹಸಿರಿನಲ್ಲೇ ಇರುತ್ತದೆ, ಅದೂ ನಿಜ, ಹೊರಗಿನಿಂದ ಎರಡೂ ಒಂದೇ — ಅಜೀ, ಇನ್ನು ಭಯ ಇಲ್ಲ ಅಲ್ವಾ, ಬಸ್ಸು ತುಂಗೆಯ ಸೇತುವೆ ಹತ್ತುತ್ತದೆ, ಅವಳ ಅಂಗೈಯಲ್ಲಿ ಮಧ್ಯಾಹ್ನದ ಮಾತ್ರೆ, ಹೇಳಿಬಿಡಬೇಕು, ಹೇಳಿದರೆ ಆ ಅಂಗೈ ಏನು ಮಾಡೀತು, ಹೂಂ, ಏರಿದೆ ಅನ್ನುತ್ತಾನೆ, ಅಷ್ಟು ನಿಜ, ನುಂಗುತ್ತಾನೆ, ನೀರು ಇಳಿಯುತ್ತದೆ, ಕೊಳವೆಯಲ್ಲಿ ಬೆಂಡು ಏಳುತ್ತದೆ, ಕೆಂಪು ದಾಟಿ, ಬಿಳಿ ದಾಟಿ, ಹಸಿರು, ಕೀಲಿ ತಿರುಗಿಸುವುದು ಮುಂದಿನ ತಿಂಗಳು, ಸ್ಕ್ಯಾನಿನ ದಿನ, ಬೆಂಡು ಹಸಿರಿನಲ್ಲಿ, ಹಸಿರಿನಲ್ಲಿ ಬೆಂಡು