ಗ್ರಾಹಕ ಸತ್ತ ದಿನ

"ಹಲ್ಲು ಬಿಡೇ ಅಂದ್ರೆ ಹಲ್ಲು ಬಿಡೋಕೂ ಬರಲ್ವಾ ನಿಂಗೆ? ಪೆನ್ಸಿಲ್ ಕಚ್ಚು. ಇನ್ನೂ ಒಳಗೆ. ಹಾಂ, ಈಗ ಕನ್ನಡಿ ನೋಡ್ಕೋ. ಅದಕ್ಕೆ ನಗು ಅಂತಾರೆ. ಅದನ್ನ ಮೂತಿಗೆ ಅಂಟಿಸ್ಕೊಂಡು ವಾರ್ಡಿಗೆ ಹೋಗ್ಬೇಕು, ತಿಳೀತಾ?"

ಸಿಡುಕಿ ಪೆನ್ಸಿಲ್ ಕಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಬಾಯಿಯ ಎರಡೂ ಕೊನೆಯಿಂದ ಜೊಲ್ಲು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ "ಕೈ ಕೆಳಗೆ" ಎಂಬ ಕೂಗು. ಆಯಾಗಳು, ಸ್ಟ್ರೆಚರ್ ತಳ್ಳುವವರು, ನೆಲ ಒರೆಸುವವರು, ನಾವೆಲ್ಲ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಬೇಕು. ನೋಡುತ್ತ ನಮ್ಮ ಮುಖವೂ ನಗುತ್ತಿರಬೇಕು. ನಾನು ನಿಂತಲ್ಲಿ ನಿಲ್ಲಲಾಗದೆ ಈ ಕಾಲಿಂದ ಆ ಕಾಲಿಗೆ ಭಾರ ಹಾಕುತ್ತಿದ್ದೆ.

ಕೂಗುತ್ತಿದ್ದವನ ಹುದ್ದೆ ಗ್ರಾಹಕ ತೃಪ್ತಿ ಅಧಿಕಾರಿ. ಬೆನ್ನ ಹಿಂದೆ ನಾವು ತೃಪ್ತಿ ಸಾಹೇಬ ಅನ್ನುತ್ತಿದ್ದೆವು. ಅವನು ಬಂದ ಮೇಲೆ ಆಸ್ಪತ್ರೆಯಲ್ಲಿ ರೋಗಿಗಳೇ ಇಲ್ಲವಾದರು, ಇದ್ದವರೆಲ್ಲ ಗ್ರಾಹಕರು. ಬಾಯಿತಪ್ಪಿ ರೋಗಿ ಅಂದರೆ ಎಲ್ಲರೆದುರು ಬೈಗುಳ. ವಾರ್ಡಿನ ಬಾಗಿಲಲ್ಲೆಲ್ಲ ಒಂದೊಂದು ಪೆಟ್ಟಿಗೆ ನಿಲ್ಲಿಸಿದ್ದ. ಅದರ ಮೇಲೆ ನಗುವ ಹಸಿರು ಮುಖ, ಸುಮ್ಮನಿರುವ ಹಳದಿ ಮುಖ, ಮೂತಿ ಊದಿಸಿದ ಕೆಂಪು ಮುಖ. ಮನೆಗೆ ಹೋದವರ ಫೋನಿಗೂ ಅದೇ ಮುಖಗಳನ್ನು ಕಳಿಸುತ್ತಿದ್ದರು. ಊಟ ತಣ್ಣಗಿದ್ದರೂ, ಡಾಕ್ಟರು ಬಾರದಿದ್ದರೂ, ಫ್ಯಾನು ತಿರುಗದಿದ್ದರೂ ಜನ ಕೆಂಪು ಒತ್ತುತ್ತಿದ್ದರು. ಯಾವ ಕೆಂಪಾದರೂ ಪೆನ್ಸಿಲ್ ಕಚ್ಚಬೇಕಾದವಳು ಆ ಪಾಳಿಯ ಆಯಾ.

ಸಿಡುಕಿ ಅಂತ ಹೆಸರಿಟ್ಟವರು ನಾವೇ. ಅವಳಿಗೆ ನಗು ದೂರ, ನಾಲಿಗೆ ಹರಿತ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಳು. ಅಲ್ಲಿ ಹೇಲು ಉಚ್ಚೆ ಬಾಚಿ ಇಲ್ಲಿಗೆ ಬರುವುದು, ಇಲ್ಲಿ ಬಾಚಿ ಅಲ್ಲಿಗೆ ಹೋಗುವುದು. "ನಮ್ಮತ್ತೆ ಕೈಗೆ ಆ ಪೆಟ್ಟಿಗೆ ಕೊಟ್ಟಿದ್ರೆ ಮುದುಕಿ ಇಷ್ಟೊತ್ತಿಗೆ ಕೆಂಪು ಗುಂಡಿ ಸವೆಸಿಬಿಡ್ತಿದ್ಲು" ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಅವಳಲ್ಲ.

"ನಿಂಗೆ ಬಂದಿರೋ ಕೆಂಪು ಓದ್ತೀನಿ ಕೇಳು," ಸಾಹೇಬ ತನ್ನ ಕೈಯಲ್ಲಿದ್ದ ಅಗಲದ ಫೋನು ನೋಡಿದ. "'ಆಯಾ ತಡ ಮಾಡಿದಳು. ಅಪ್ಪ ಹೋದರು.' ಹೋದ ವಾರ ಸತ್ತ ಮುದುಕನ ಮಗಳು ಕಳಿಸಿದ್ದಾಳೆ. ಏನಿದು?"

ಸಿಡುಕಿ ಪೆನ್ಸಿಲ್ ತೆಗೆದಳು. "ಸಾರ್, ಗ್ರಾಹಕ ಸತ್ತೋದ. ಸತ್ತ ಮನೆಯೋರು ಹಸಿರು ಒತ್ತಿ ಕುಣೀತಾರಾ?"

ಯಾರೋ ಕಿಸಕ್ಕೆಂದರು. ಸಾಹೇಬನ ಕಿವಿ ಕೆಂಪಾಯಿತು.

"ಸಾವು ಬೇರೆ, ಸೇವೆ ಬೇರೆ. ಸತ್ರೂ ಗ್ರಾಹಕ ತೃಪ್ತಿಯಾಗಿ ಸಾಯ್ಬೇಕು. ಅದು ನಮ್ಮ ಮಟ್ಟ."

"ತಡ ಮಾಡಿದೋಳು ನಾನಾ ಸಾರ್? ನೀವೂ ಅಲ್ಲೇ ಇದ್ರಲ್ಲ?"

ಸಾಹೇಬ ಅವಳ ಹತ್ತಿರಕ್ಕೆ ಬಂದ. ದನಿ ತಗ್ಗಿಸಿದಾಗಲೇ ಅವನಿಗೆ ಹೆದರಬೇಕು ಅಂತ ನಮಗೆ ಗೊತ್ತಿತ್ತು.

"ಮಧ್ಯಾಹ್ನ ಆಸ್ಪತ್ರೆ ಅಳೆದು ಅಂಕ ಹಾಕೋ ತಂಡ ಮತ್ತೆ ಬರುತ್ತೆ. ಅವ್ರು ಬಂದಿದ್ದ ದಿನದ್ದೇ ಒಂದು ಕೆಂಪು ಕೂತಿದ್ರೆ ಆಸ್ಪತ್ರೆ ಮಾನ ಹೋಗುತ್ತೆ. ಈಗ್ಲೇ ಆ ಹುಡುಗಿ ಹತ್ರ ಹೋಗು. ಕಾಲು ಹಿಡೀತೀಯೋ, ಅಳ್ತೀಯೋ, ಏನ್ ಬೇಕಾದ್ರೂ ಮಾಡು. ಅವಳ ಫೋನಲ್ಲೇ ಹಸಿರು ಮಾಡಿಸ್ಕೊಂಡು ಬಾ. ಆಗ್ಲಿಲ್ವಾ, ಆ ಕೋಟು ಬಿಚ್ಚಿಟ್ಟು ಮನೆಗೆ ಹೋಗು." ಆಮೇಲೆ ನನ್ನ ಕಡೆ ತಿರುಗಿದ. "ನಿಂಗೆ ಓದೋಕೆ ಬರುತ್ತಲ್ಲ? ನೀನೂ ಹೋಗು. ಇವಳು ಯಾವುದಾದ್ರೂ ಬೇರೆ ಗುಂಡಿ ಒತ್ತಿಸಿಯಾಳು."

ಹೊರಗೆ ಬಂದವಳೇ ಸಿಡುಕಿ ಚರಂಡಿಗೆ ಉಗಿದಳು. ಪೆನ್ಸಿಲಿನ ಬಣ್ಣ ಹಲ್ಲಿಗೆ ಹತ್ತಿತ್ತು.

"ಬೋಳಿಮಗ. ಅವನ ಬಾಯಿಗೆ ಹುಳ ಬೀಳ."

"ಈಗ ಬಯ್ಯೋದು ಬಿಡೇ," ಅಂದೆ ನಾನು. "ಹೋಗಿ ಕೈ ಮುಗಿಯೋಣ. ಹಸಿರು ಒತ್ತಿದ್ರೆ ಅವಳ ಗಂಟೇನೂ ಹೋಗಲ್ಲ. ನಿಂಗೆ ಕೆಲಸ ಉಳಿಯುತ್ತೆ."

ಅವಳು ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಕಂಬಿ ಹಿಡಿದು ಬಾಗಿಲ ಹತ್ತಿರ ನಿಂತಳು, ಒಳಕ್ಕೆ ಬಂದಳು, ಮತ್ತೆ ಬಾಗಿಲಿಗೆ ಹೋದಳು. ಕಂಡಕ್ಟರು "ಏನಮ್ಮಾ, ಚೇಳು ಕಡೀತಾ?" ಅಂದ.

ಮುದುಕನ ಮಗಳು ದೊಡ್ಡ ಬೀದಿಯ ಚಪ್ಪಲಿ ಅಂಗಡಿಯಲ್ಲಿದ್ದಳು. ಅಪ್ಪ ಸತ್ತ ವಾರದೊಳಗೇ ಕೆಲಸಕ್ಕೆ ಬಂದಿದ್ದಳು. ಅಂಗಡಿಯ ಗಾಜಿನ ಬಾಗಿಲು ತಾನೇ ತೆರೆದುಕೊಂಡಿತು. ನಾವು ಹೆದರಿ ಒಂದು ಹೆಜ್ಜೆ ಹಿಂದೆ ಸರಿದೆವು, ಅದು ಮುಚ್ಚಿಕೊಂಡಿತು. ಮತ್ತೆ ಮುಂದೆ ಹೋದೆವು. ಒಳಗೆ ತಣ್ಣನೆಯ ಗಾಳಿ, ಹೊಸ ಚರ್ಮದ ವಾಸನೆ. ಎದೆಯ ಮೇಲೆ ನಂಬರು ಚುಚ್ಚಿಕೊಂಡ ಹುಡುಗಿ, ಅವಳೇ ಮುದುಕನ ಮಗಳು, ಓಡಿ ಬಂದು ನಮ್ಮನ್ನು ಮೆತ್ತನೆ ಬೆಂಚಿನ ಮೇಲೆ ಕೂರಿಸಿದಳು. ನಾವು ಬಾಯಿ ತೆರೆಯುವ ಮುಂಚೆಯೇ ಮಂಡಿಯೂರಿ ಸಿಡುಕಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು.

"ಯಾವ ಥರದ್ದು ತೋರಿಸ್ಲಿ ಮೇಡಂ?"

ಸಿಡುಕಿ ಪಾದ ಎಳೆದುಕೊಂಡಳು. ಫಿನಾಯಿಲಿಗೆ ಬೆರಳ ಸಂದಿ ಕೊಳೆತಿದ್ದ ಪಾದ. ಹುಡುಗಿ ಬಿಡದೆ ಮತ್ತೆ ಹಿಡಿದುಕೊಂಡಳು. ಅವಳ ಮುಖದ ಮೇಲೆ ಒಂದು ನಗು ಇತ್ತು. ಏನನ್ನು ಕಚ್ಚಿ ಕಲಿತ ನಗು ಅದು ಅಂತ ನನಗೆ ಥಟ್ಟನೆ ಗೊತ್ತಾಯಿತು.

"ತಾಯಿ, ನಾವು ಕೊಳ್ಳೋಕೆ ಬಂದೋರಲ್ಲ."

ಹುಡುಗಿ ಕೌಂಟರಿನ ಕಡೆ ಕಳ್ಳನೋಟ ಹಾಕಿದಳು. "ಕಂಪನಿಯೋರಾ? ನಮ್ಮನ್ನ ಅಳೆಯೋಕೆ ಬಂದ್ರಾ?" ಅಂದಳು, ತುಟಿ ಅಲುಗದಂತೆ. ಗಿರಾಕಿಗಳ ವೇಷದಲ್ಲಿ ಯಾರಾದರೂ ಬರುತ್ತಾರೆ, ಹುಡುಗಿಯರು ನಕ್ಕರೋ ಇಲ್ಲವೋ ನೋಡಿ ಅಂಕ ಹಾಕಿ ಹೋಗುತ್ತಾರೆ ಅಂತ ಆಮೇಲೆ ಹೇಳಿದಳು.

"ಅಲ್ಲಮ್ಮ. ನಾನು ಆಸ್ಪತ್ರೆ ಆಯಾ. ನಿಮ್ಮಪ್ಪನ್ನ ನೋಡ್ಕೊಂಡೋಳು."

ನಗು ಅಳಿಸಿಹೋಯಿತು. "ನೀನೇನಾ ತಡ ಮಾಡಿದ್ದು?"

"ಯಾರ್ ಹೇಳಿದ್ರು ಹಂಗಂತ?"

"ಅಲ್ಲಿನ ಸಾಹೇಬ್ರು. ನಾನು ಔಷಧಿ ತರೋಕೆ ಓಡಿದ್ನಲ್ಲ, ವಾಪಸ್ ಬರೋಷ್ಟರಲ್ಲಿ ಅಪ್ಪನ ಮುಖಕ್ಕೆ ಬಟ್ಟೆ ಮುಚ್ಚಿದ್ರು. 'ಆಯಾ ಸ್ಟ್ರೆಚರ್ ತರೋದು ತಡ ಮಾಡಿದ್ಲಮ್ಮ, ನಾವೇನ್ ಮಾಡೋಣ' ಅಂದ್ರು."

ಕೌಂಟರಿನಲ್ಲಿದ್ದ ಅಂಗಡಿ ಮೇಲ್ವಿಚಾರಕ ಕತ್ತು ಉದ್ದ ಮಾಡಿದ. ಹುಡುಗಿ ಗಡಬಡಿಸಿ ಒಂದು ಡಬ್ಬಿ ಬಿಚ್ಚಿ, ಕಂದು ಬಣ್ಣದ ಚಪ್ಪಲಿಯೊಂದನ್ನು ಸಿಡುಕಿಯ ಕಾಲಿಗೆ ತೊಡಿಸತೊಡಗಿದಳು. ತಲೆ ಬಗ್ಗಿಸಿಕೊಂಡೇ, "ಹೇಳು" ಅಂದಳು.

ನಾನು ಸಿಡುಕಿಯ ಪಕ್ಕೆ ತಿವಿದೆ. ಕೈ ಮುಗಿ, ತಪ್ಪಾಯ್ತು ಅನ್ನು, ಮುಗಿಸು ಅಂತ ನನ್ನ ಅರ್ಥ. ಅವಳು ನನ್ನ ಕೈಯನ್ನು ನೊಣ ಓಡಿಸಿದಂತೆ ಸರಿಸಿದಳು.

"ನಿಮ್ಮಪ್ಪನಿಗೆ ಉಸಿರು ಸಿಗ್ತಿರ್ಲಿಲ್ಲ. ಡಾಕ್ಟ್ರು ಕೆಳಗೆ ಐಸಿಯುಗೆ ತಗೊಂಡ್ಹೋಗಿ ಅಂದ್ರು. ಸ್ಟ್ರೆಚರ್ ತಳ್ಳೋ ಮಾವ, ನಾನು, ಇಬ್ರೂ ಓಡಿಸ್ಕೊಂಡು ಹೋದ್ವಿ. ಒಂದು ಲಿಫ್ಟ್ ಕೆಟ್ಟಿತ್ತು. ಇನ್ನೊಂದು ನಮ್ಮ ಮುಂದೇನೇ ಬಾಯಿ ತಕ್ಕೊಂಡು ನಿಂತಿತ್ತು, ವಾಚ್‌ಮನ್ ಕಾಲು ಅಡ್ಡ ಕೊಟ್ಟು ಹಿಡ್ಕೊಂಡಿದ್ದ. ಆಸ್ಪತ್ರೆ ಅಳೆಯೋಕೆ ಬಂದೋರು ದೊಡ್ಡ ಡಾಕ್ಟ್ರ ಕೋಣೇಲಿ ಚಾ ಕುಡೀತಿದ್ರು. ಅವ್ರು ಇಳಿಯೋಕೆ ಅಂತ ಆ ಲಿಫ್ಟು."

"ಖಾಲಿ ಇತ್ತಾ?"

"ಖಾಲಿ. ಒಳಗೆ ಒಂದು ಹೂಕುಂಡ ಇಟ್ಟಿದ್ರು. ಹೂಕುಂಡಕ್ಕೆ ಜಾಗ ಇತ್ತು ತಾಯಿ."

ಹುಡುಗಿ ಚಪ್ಪಲಿಯ ಬೆಲ್ಟನ್ನು ಬಿಗಿದಳು. ಬಿಚ್ಚಿದಳು. ಮತ್ತೆ ಬಿಗಿದಳು.

"ಸಾಹೇಬ ಅಲ್ಲೇ ನಿಂತಿದ್ದ. ಕಾಲಿಗೆ ಬಿದ್ದೆ. ಒಂದೇ ನಿಮಿಷ ಅಂದ. ಮೆಟ್ಲಲ್ಲಿ ಹೊತ್ಕೊಂಡು ಹೋಗ್ತೀವಿ ಅಂದ ಮಾವ. ಅವ್ರ ಕಣ್ಣಿಗೆ ಬಿದ್ರೆ ಅಸಹ್ಯ ಅಂದ ಸಾಹೇಬ. ಪಕ್ಕದಲ್ಲೇ ಕೊಳೆ ಬಟ್ಟೆ ಹಾಕೋ ಕೋಣೆ. ಸ್ಟ್ರೆಚರನ್ನ ಅದರೊಳಗೆ ತಳ್ಳಿಸಿ ಬಾಗಿಲು ಎಳ್ಕೊಂಡ. ನಿಮ್ಮಪ್ಪ ನನ್ನ ಕೈ ಹಿಡ್ಕೊಂಡೇ ಇದ್ರು. ಬಿಡು ಅಂದ್ರೆ ಬಿಡ್ಲಿಲ್ಲ. ಬಿಟ್ಟಾಗ ಗೊತ್ತಾಯ್ತು."

ಹುಡುಗಿಯ ಕಣ್ಣಿಂದ ಇಳಿದ ನೀರು ಸಿಡುಕಿಯ ಪಾದದ ಮೇಲೆ, ಹೊಸ ಚಪ್ಪಲಿಯ ಮೇಲೆ ಬಿತ್ತು. ಅವಳು ತೋಳಿನಿಂದ ಚಪ್ಪಲಿಯನ್ನು ಮೊದಲು ಒರೆಸಿದಳು.

"ಇದನ್ನ ಹೇಳೋಕೆ ಬಂದ್ಯಾ?"

ನಾನೇ ಬಾಯಿ ಬಿಟ್ಟೆ. "ಕೆಂಪು ಹೋಗಿ ಹಸಿರಾಗ್ಬೇಕಂತೆ ಕಣಮ್ಮ. ಮಧ್ಯಾಹ್ನದೊಳಗೆ. ಇಲ್ದಿದ್ರೆ ಇವಳನ್ನ ತೆಗೀತಾರೆ."

"ಅಯ್ಯೋ," ಅಂದಳು ಹುಡುಗಿ. "ನಾನು ದೊಡ್ಡೋರಿಗೆ ಮುಟ್ಲಿ ಅಂತ ಒತ್ತಿದ್ದು. ನಮಗೂ ಹಿಂಗೇ ಮಾಡ್ತಾರೆ, ಆದ್ರೂ ಪೆಟ್ಟು ನಿಂಗೇ ಬೀಳುತ್ತೆ ಅಂತ ನಂಗೆ ಹೊಳೀಲಿಲ್ಲ ನೋಡಕ್ಕ." ಫೋನು ತೆಗೆದಳು. ಮೂರು ಮುಖಗಳು ಬಂದವು. ಅವಳ ಹೆಬ್ಬೆರಳು ಹಸಿರಿನ ಕಡೆ ಇಳಿಯಿತು.

ಸಿಡುಕಿ ಆ ಹೆಬ್ಬೆರಳನ್ನು ಗಪ್ಪನೆ ಹಿಡಿದಳು.

"ಬೇಡ."

"ಲೇ, ಹುಚ್ಚು ಹಿಡೀತಾ ನಿಂಗೆ!" ಅಂದೆ ನಾನು.

"ಕೊಳೆ ಬಟ್ಟೆ ಜೊತೆ ಬಿಸಾಕಿದ್ರು ಆ ಮನುಷ್ಯನ್ನ. ಅದಕ್ಕೆ ನಗೋ ಮುಖ ಹಚ್ಚೋದಾ? ಒತ್ಬೇಡ ಮಗಳೇ. ನನ್ನ ಹೆಸರು ತೆಗೆದು ಆ ಸಾಹೇಬನ ಹೆಸರು ಬರೆ, ಆಗುತ್ತಾ? ಆಗಲ್ವಾ, ಇದ್ದ ಹಾಗೇ ಇರ್ಲಿ."

ಅಷ್ಟರಲ್ಲಿ ಮೇಲ್ವಿಚಾರಕ ಬಂದು ನಮ್ಮ ಮುಂದೆ ಬಗ್ಗಿದ. ಹುಡುಗಿಯನ್ನು ಒಮ್ಮೆ ಸುಟ್ಟುಬಿಡುವ ಹಾಗೆ ನೋಡಿ, ಸಿಡುಕಿಯ ಕಡೆ ಹಲ್ಲೆಲ್ಲ ತೋರಿಸಿದ.

"ನಮ್ಮ ಹುಡುಗಿಯ ಸೇವೆ ತೃಪ್ತಿ ಆಯ್ತಾ ಮೇಡಂ? ದಯವಿಟ್ಟು ಇಲ್ಲಿ ನಕ್ಷತ್ರ ಕೊಡಿ," ಅಂತ ಅವನೂ ಒಂದು ಅಗಲದ ಫೋನು ಚಾಚಿದ.

ಸಿಡುಕಿ ಅದನ್ನು ನೋಡಿದಳು. ಅವನನ್ನು ನೋಡಿದಳು. ಜೀವಮಾನದಲ್ಲಿ ಯಾರೂ ಅವಳನ್ನು ಮೇಡಂ ಅಂದಿರಲಿಲ್ಲ.

"ನಕ್ಷತ್ರ ಆಮೇಲೆ ಎಣಿಸೋಣ. ಅಪ್ಪ ಸತ್ತಿದ್ದಾನೆ ಇವಳಿಗೆ. ಕೂತು ಅಳೋಕೆ ಒಂದು ಗಳಿಗೆ ಕೊಟ್ಟಿದ್ದೀಯೇನೋ ಮುಂಡೇದೇ?"

ಅಂಗಡಿಯ ಜನರೆಲ್ಲ ತಿರುಗಿದರು. ಮೇಲ್ವಿಚಾರಕ ಹಲ್ಲು ಮುಚ್ಚಿಕೊಳ್ಳುವುದನ್ನೇ ಮರೆತ. ಹುಡುಗಿ ಎದ್ದು ನಿಂತು ಎದೆಯ ನಂಬರು ಬಿಚ್ಚಿ ಬೆಂಚಿನ ಮೇಲಿಟ್ಟಳು. "ನಡೀರಿ. ಅಳೆಯೋರು ಬರೋದು ಮಧ್ಯಾಹ್ನ ಅಂದ್ರಲ್ಲ?" ಅಂದಳು. ಗಾಜಿನ ಬಾಗಿಲು ತಾನೇ ತೆರೆಯುವವರೆಗೆ ಕಾಯುವ ತಾಳ್ಮೆಯೂ ಅವಳಿಗೆ ಇರಲಿಲ್ಲ. ಹೆಗಲು ಕೊಟ್ಟು ನೂಕಿದಳು.

ಆಸ್ಪತ್ರೆಯ ಸಭೆಯ ಕೋಣೆಯಲ್ಲಿ ತಂಡ ಕೂತಿತ್ತು. ಬಿಳಿಕೂದಲಿನ ಹೆಂಗಸೊಬ್ಬಳು ಹಿರಿಯಳು, ಅಕ್ಕಪಕ್ಕ ಟೈ ಕಟ್ಟಿದ ಇಬ್ಬರು ಗಂಡಸರು. ಮುಂದೆ ನಮ್ಮವರೇ ಒಂದಿಷ್ಟು ಮಂದಿ ಸಾಲಾಗಿ ನಿಂತಿದ್ದರು. ಚೆನ್ನಾಗಿ ನಗುವವರನ್ನೇ ಆರಿಸಿ, ಉತ್ತರ ಬಾಯಿಪಾಠ ಮಾಡಿಸಿ ನಿಲ್ಲಿಸಿದ್ದ ಸಾಹೇಬ. ಕೊನೆಯಲ್ಲಿ ಸ್ಟ್ರೆಚರ್ ಮಾವ, ಕೊರಳಿಗೆ ಇಸ್ತ್ರಿ ಮಾಡಿದ, ಟೈಯಂಥ ಪಟ್ಟಿ.

ಬಾಗಿಲಲ್ಲಿ ನಮ್ಮನ್ನು ಕಂಡ ಸಾಹೇಬ ಓಡಿ ಬಂದ. "ಆಯ್ತಾ?" ಅಂತ ಪಿಸುಗುಟ್ಟಿದ. ಸಿಡುಕಿ ಅವನನ್ನು ದಾಟಿ ನಡೆದಳು. ಅವನು ಅವಳ ಕೋಟಿನ ತೋಳು ಹಿಡಿದ. ಅವಳು ಕೋಟನ್ನೇ ಬಿಚ್ಚಿ ಅವನ ಕೈಯಲ್ಲಿ ಬಿಟ್ಟಳು. ಒಳಗೆ ಹರಿದು ಹೊಲಿದ ಹಳೇ ರವಿಕೆ. ಕೋಣೆಗೆಲ್ಲ ಕಂಡಿತು.

"ಯಾರಮ್ಮ ನೀವು?" ಅಂದಳು ಹಿರಿಯಳು.

"ಆಯಾ. ಇವಳು ಸತ್ತ ರೋಗಿ ಮಗಳು. ರೋಗಿ ಅಂದೆ ನೋಡಿ, ಬರ್ಕೊಳಿ. ಹೋದ ವಾರ ನೀವು ಲಿಫ್ಟ್ ಹತ್ತೋವಾಗ, ಈ ಮಹಡಿ ಎಷ್ಟು ಶಾಂತವಾಗಿದೆ ಅಂದ್ರಿ. ನೆನಪಿದ್ಯಾ?"

ಹಿರಿಯಳು ತಲೆಯಾಡಿಸಿದಳು. ಹೌದು ಅನ್ನುವ ಹಾಗೂ ಇತ್ತು, ಇಲ್ಲ ಅನ್ನುವ ಹಾಗೂ ಇತ್ತು.

"ನೀವು ಹಾಗಂದಾಗ ಪಕ್ಕದ ಬಾಗಿಲ ಹಿಂದೆ ಇವಳಪ್ಪ ಸಾಯ್ತಿದ್ದ. ಕೂಗ್ದೇ ಇರ್ಲಿ ಅಂತ ನಾನೇ ಅವನ ಬಾಯಿ ಮೇಲೆ ಕೈ ಇಟ್ಟಿದ್ದೆ. ನಂಗೆ ಹಾಗೆ ಹೇಳಿದ್ದ ಈ ಸಾಹೇಬ."

ಹುಡುಗಿ ಥಟ್ಟನೆ ಸಿಡುಕಿಯ ಕಡೆ ತಿರುಗಿದಳು. ಈ ಮಾತು ಅಂಗಡಿಯಲ್ಲಿ ಬಂದಿರಲಿಲ್ಲ. ಹಿಂದೆ ಸರಿದಳು, ಆದರೆ ಹೊರಗೆ ಹೋಗಲಿಲ್ಲ.

"ಸುಳ್ಳು! ಇವಳಿಗೆ ತಲೆ ಸರಿ ಇಲ್ಲ ಮೇಡಂ," ಸಾಹೇಬ ಕೋಟನ್ನು ಮುದ್ದೆ ಮಾಡಿಕೊಂಡು ಅರಚಿದ. "ಮೊದ್ಲಿಂದ್ಲೂ ಇವಳ ಮೇಲೆ ದೂರಿದೆ."

ಸಾಲಿನ ಕೊನೆಯಲ್ಲಿದ್ದ ಮಾವ ಕೊರಳ ಪಟ್ಟಿ ಕಿತ್ತು ಕೆಮ್ಮಿದ. "ನಾನೂ ಒಳಗಿದ್ದೆ," ಅಂದ. ಉಳಿದವರ ಮುಖದ ಮೇಲೆ ನಗು ಹಾಗೇ ಉಳಿದಿತ್ತು, ತೆಗೆಯಬೇಕೋ ಬೇಡವೋ ತಿಳಿಯದವರಂತೆ.

ಟೈ ಕಟ್ಟಿದವನೊಬ್ಬ ಎದ್ದು, "ಇದು ನಮ್ಮ ಪ್ರಶ್ನೆಗಳಲ್ಲಿ ಬರಲ್ಲ" ಅಂದ. ಹಿರಿಯಳ ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತು ಶಾಯಿ ಚುಕ್ಕೆ ಅಗಲವಾಗುತ್ತಿತ್ತು.

ಸಿಡುಕಿ ಮೇಜಿನ ಈಚೆಗಿದ್ದ ಖಾಲಿ ಕುರ್ಚಿಯನ್ನು ಕರ್ರನೆ ಎಳೆದಳು. ಆ ಕೋಣೆಯಲ್ಲಿ ನಾವು ಕುರ್ಚಿ ಒರೆಸಿದ್ದೆವು, ಕೂತಿರಲಿಲ್ಲ. ಅವಳು ಕೂತಳು. ಹುಡುಗಿಗೆ ಪಕ್ಕದ್ದನ್ನು ತೋರಿಸಿದಳು.

"ಬರಲ್ಲ ಅಂದ್ರೆ ಬರೋ ಹಾಗೆ ಮಾಡ್ಕೊಳಿ," ಅಂದಳು. "ನಂಗೆ ಈಗ ಕೆಲಸ ಇಲ್ಲ, ಅವಸರಾನೂ ಇಲ್ಲ. ನಿಧಾನಕ್ಕೆ ಹೇಳ್ತೀನಿ."