ಪಕ್ಕದ ಉರಿ ನೋಡುವ ಕಣ್ಣು

ಬಾಯ್ಲರ್ ಮನೆಯಲ್ಲಿ ಭಾವನಿಗೆ ಕುರ್ಚಿ ಇರಲಿಲ್ಲ. ಬಣ್ಣದ ಖಾಲಿ ಡಬ್ಬಿಯನ್ನು ಬೋರಲು ಹಾಕಿ ಕೂರುತ್ತಿದ್ದ. ಮುಂಗೈ ಕೂದಲು ಸುಟ್ಟು ನುಣ್ಣಗಾಗಿತ್ತು. ಮನೆಗೆ ಬಂದರೂ ಕಣ್ಣಲ್ಲಿ ನೀರು ಸುರಿಯುವುದು ನಿಲ್ಲುತ್ತಿರಲಿಲ್ಲ. ಗಂಡ ಅಳುತ್ತಿದ್ದಾನೋ ಬೆವರುತ್ತಿದ್ದಾನೋ ಗೊತ್ತಾಗುವುದಿಲ್ಲ ಎಂದು ಅಕ್ಕ ಗೇಲಿ ಮಾಡುತ್ತಿದ್ದಳು.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ನಾನು ಮುಂದಿನ ಶೆಡ್ಡಿನಲ್ಲಿ ಬಟ್ಟೆ ಮಡಚುತ್ತೇನೆ. ಅಕ್ಕ ಹಿಂದಿನ ಶೆಡ್ಡಿನಲ್ಲಿ ತೊಳೆಯುತ್ತಾಳೆ. ಎರಡು ಶೆಡ್ಡಿಗೂ ಒಂದೊಂದು ಬಾಯ್ಲರ್. ಪ್ರತಿ ಬಾಯ್ಲರಿಗೆ ಎರಡೆರಡು ಗ್ಯಾಸ್ ಬರ್ನರ್, ಪ್ರತಿ ಬರ್ನರಿಗೆ ಒಂದು ಕಣ್ಣು.

ಕಣ್ಣು ಎಂದರೆ ಒಂದು ಪುಟ್ಟ ಗಾಜಿನ ಕೊಳವೆ. ಉರಿಯಿಂದ ನೇರಳೆಗೂ ಆಚೆಯ ಒಂದು ಬೆಳಕು ಹೊರಡುತ್ತದೆ. ಅದು ನಮಗೆ ಕಾಣದು, ಕೊಳವೆಗೆ ಕಾಣುತ್ತದೆ. ಕಾಣುವಷ್ಟು ಹೊತ್ತು ಗ್ಯಾಸಿನ ವಾಲ್ವ್ ತೆರೆದಿರುತ್ತದೆ. ಉರಿ ಆರಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ವಾಲ್ವ್ ಬಂದ್. ಒಳಗಿನ ಇಟ್ಟಿಗೆ ಎಷ್ಟೇ ಕೆಂಪಗೆ ಕಾದಿರಲಿ, ಕೊಳವೆ ಮರುಳಾಗುವುದಿಲ್ಲ. ಮರುಳಾಗುವುದು ನಮ್ಮ ಕಣ್ಣು.

ನಮ್ಮ ಶೆಡ್ಡಿನ ಎರಡನೇ ಬರ್ನರಿನ ಕೊಳವೆ ಹಳೆಯದಾಗಿತ್ತು. ಉರಿ ಇದ್ದರೂ ಇಲ್ಲವೆನ್ನುತ್ತಿತ್ತು. ಬರ್ನರ್ ನಿಂತು, ಹಬೆ ಇಳಿದು, ಬಟ್ಟೆ ಮೇಲೆ ಬಣ್ಣ ಪಟ್ಟೆಪಟ್ಟೆಯಾಗುತ್ತಿತ್ತು. ಹೊಸದು ತರಿಸಿ ಎಂದು ಭಾವ ಕೇಳಿ ಕೇಳಿ ಸಾಕಾದ. ಮ್ಯಾನೇಜರ್ ಹೊಸದು ತರಿಸಲಿಲ್ಲ. ಫಿಟ್ಟರನ್ನು ಕರೆಸಿ, ಕಣ್ಣನ್ನು ಕಿತ್ತು, ಸದಾ ಜೋರಾಗಿ ಉರಿಯುವ ಪಕ್ಕದ ಬರ್ನರಿನ ಕಡೆ ತಿರುಗಿಸಿ ತಂತಿ ಬಿಗಿಸಿದರು. ಆ ಜೋರು ಉರಿ ಹಳೆಯ ಕಣ್ಣಿಗೂ ಕಾಣುತ್ತಿತ್ತು. ಅಲ್ಲಿಂದಾಚೆಗೆ ಬರ್ನರ್ ಒಮ್ಮೆಯೂ ನಿಲ್ಲಲಿಲ್ಲ.

"ಪಕ್ಕದ ಮನೆ ಒಲೆ ನೋಡಿ ನಮ್ಮನೇಲಿ ಅಡುಗೆ ಆಯ್ತು ಅಂದಂಗಾಯ್ತಲ್ಲ ಸಾರ್" ಎಂದ ಭಾವ.

"ನಿಂಗೇನು ಕಣ್ಣಿಲ್ವಾ? ಇಣುಕಿ ನೋಡ್ತಾ ಇರು. ಕಷ್ಟ ಆದ್ರೆ ಹೇಳು, ಗೇಟ್ ಹತ್ರ ಬೇಕಾದಷ್ಟು ಜನ ನಿಂತಿದಾರೆ."

ಭಾವ ಬಾಯ್ಲರಿನ ಕಿಂಡಿಗೆ ಮುಖವಿಟ್ಟು ಕೂತ. ಊಟವನ್ನೂ ಅಲ್ಲೇ ಮಾಡಿದ. ಒಳಗೆ ಯಾವಾಗಲೂ ಕೆಂಪು. ಯಾವ ಕೆಂಪು ಉರಿಯದು, ಯಾವುದು ಇಟ್ಟಿಗೆಯದು ಎಂದು ನಿದ್ದೆಯಲ್ಲೂ ಗೊಣಗುತ್ತಿದ್ದನಂತೆ.

ಒಂದು ಮಧ್ಯಾಹ್ನ ಆ ಬರ್ನರಿನ ಉರಿ ಸದ್ದಿಲ್ಲದೆ ಆರಿತು. ಭಾವ ಇಣುಕಿದ. ಕೆಂಪಗಿತ್ತು. ಸರಿಯಾಗಿದೆ ಅಂದುಕೊಂಡ. ಗ್ಯಾಸ್ ಸುರಿಯುತ್ತಲೇ ಇತ್ತು, ಒಳಗೆ ತುಂಬಿ ಒಮ್ಮೆಲೇ ಹೊತ್ತಿಕೊಂಡಿತು. ಬಾಯ್ಲರಿನ ಬಾಗಿಲು ಕಿತ್ತು ಗೋಡೆಗೆ ಬಡಿದ ಸದ್ದು ನನಗೆ ಮಡಚುವ ಮೇಜಿನ ಬಳಿ ಕೇಳಿಸಿತು.

ಭಾವ ಉಳಿದಿದ್ದಾನೆ. ಅವನ ಕಣ್ಣು ಉಳಿಯಲಿಲ್ಲ.

ಬಾಯ್ಲರ್ ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಹಳೆಯ ಜಾಗದಲ್ಲಿ ಹೊಸ ಕಣ್ಣು ಕೂತಿತ್ತು. ಬಾಯ್ಲರಿನವನು ನಿದ್ದೆ ಹೋಗಿದ್ದ ಎಂದರು ಮ್ಯಾನೇಜರ್. ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಫಿಟ್ಟರ್ ನೆಲ ನೋಡುತ್ತಿದ್ದ. ಅವನ ಎದುರಿಗೆ ಹೋಗಿ ನಿಂತವಳು ಅಕ್ಕ.

"ಅಣ್ಣ, ನನ್ನ ಗಂಡ ನಿದ್ದೆ ಮಾಡಿದ್ನಾ?"

ಫಿಟ್ಟರ್ ಸ್ಪ್ಯಾನರ್ ಎತ್ತಿಕೊಂಡು ಹೊಸ ಕಣ್ಣನ್ನು ಕಳಚಿ, ಪಕ್ಕದ ಬರ್ನರಿನ ಕಡೆ ತಿರುಗಿಸಿ ಹಿಡಿದ.

"ಇಲ್ಲಮ್ಮ. ಅವತ್ತು ಇದು ಹೀಗಿತ್ತು. ಕಟ್ಟಿದ್ದು ನಾನು. ಕಟ್ಟು ಅಂದಿದ್ದು ಇವ್ರು."

ಮ್ಯಾನೇಜರ್ ಅವನಿಗೆ ಹೊರಗೆ ನಡಿ ಎಂದರು. ಇನ್ಸ್‌ಪೆಕ್ಟರ್ ವಾಚು ನೋಡಿಕೊಂಡರು. ಅಕ್ಕ ಮಾತ್ರ ಫಿಟ್ಟರನ್ನು ಬಿಡಲಿಲ್ಲ.

"ಹಿಂದೆ ನಮ್ಮ ಶೆಡ್ಡಿನ ಬಾಯ್ಲರ್ ಕಣ್ಣು ಎಲ್ಲಿ ನೋಡ್ತಿದೆ?"

ಫಿಟ್ಟರ್ ಕೈಲಿದ್ದ ಕಣ್ಣನ್ನು ಮತ್ತೆ ಪಕ್ಕದ ಬರ್ನರಿನ ಕಡೆಗೇ ತಿರುಗಿಸಿ ತೋರಿಸಿದ. ಹಿಂದಿನ ಶೆಡ್ಡಿನ ಬಾಯ್ಲರ್ ಗುಂಯ್‌ಗುಡುತ್ತಲೇ ಇತ್ತು. ಅಲ್ಲಿ ಇನ್ನೂ ಹೆಂಗಸರು ಬಟ್ಟೆ ತೊಳೆಯುತ್ತಿದ್ದರು.

ಅಕ್ಕ ಓಡಿದಳು. ನಾವೂ ಓಡಿದೆವು. ಹಿಂದಿನಿಂದ ಮ್ಯಾನೇಜರ್ ಕೂಗುತ್ತಿದ್ದರು. ಅಕ್ಕ ಗ್ಯಾಸಿನ ದೊಡ್ಡ ವಾಲ್ವಿಗೆ ಎರಡೂ ಕೈ ಹಾಕಿದಳು. ಅದು ಜಗ್ಗಲಿಲ್ಲ. ಅವಳ ಕೈಯ ಪಕ್ಕ ನಾನು ಕೈ ಇಟ್ಟೆ. ಆಮೇಲೆ ಎಷ್ಟು ಕೈ ಬಂದವೋ, ವಾಲ್ವ್ ಕಿರುಗುಟ್ಟಿ ತಿರುಗಿತು.