ಹುಳು ತಿಂದ ಆಕಾಶ

ಆಕಾಶದ ನಕ್ಷೆಗಳ ಆ ಹಳೆಯ ಪುಸ್ತಕ ರಿಪೇರಿಗೆ ಬಂದಾಗಿನಿಂದ ನಾನು ಹುಳುಗಳಿಗೆ ಹಿಡಿಶಾಪ ಹಾಕುತ್ತಲೇ ಇದ್ದೆ. ಕರಡಿ, ಸಿಂಹ, ಚೇಳು, ಯಾವ ನಕ್ಷತ್ರಪುಂಜದ ಪುಟ ತೆಗೆದರೂ ಮೈತುಂಬ ತೂತು. ತೂತು ಕಂಡರೆ ಮುಚ್ಚುವುದೇ ನನ್ನ ಬುದ್ಧಿ. ಯಾಕೆ ಬಿತ್ತು ಅಂತ ನೋಡುವ ವ್ಯವಧಾನ ಎಲ್ಲಿ? ಪುಟದಷ್ಟೇ ದಪ್ಪನೆಯ ಕಾಗದ, ಅಂಟು ಹಚ್ಚಿ ಎಲ್ಲವನ್ನೂ ಮುಚ್ಚಿದೆ. ಚೇಳಿನ ಪುಟವೊಂದೇ ಉಳಿದಿತ್ತು.

ಪಕ್ಕದ ಮೇಜಿನಲ್ಲಿ ರಟ್ಟು ಹಾಕುವ ಅಕ್ಕ ಅದನ್ನು ಕಿಟಕಿಗೆ ಹಿಡಿದು, "ಅಯ್ಯೋ, ಇಲ್ಲಿ ಬಾರೇ," ಅಂದಳು.

ಬಿಡಿಸಿದ್ದ ಒಂದೊಂದು ನಕ್ಷತ್ರದ ನಡುವಿನಿಂದಲೂ ಬಿಸಿಲು ತೂರಿ ಬರುತ್ತಿತ್ತು. ದೊಡ್ಡ ನಕ್ಷತ್ರಕ್ಕೆ ದೊಡ್ಡ ತೂತು, ಚಿಕ್ಕದಕ್ಕೆ ಚಿಕ್ಕದು. ಚೇಳು ಮಿನುಗುತ್ತಿತ್ತು.

"ಯಾವ ಹುಳು ಇಷ್ಟು ಲೆಕ್ಕ ಹಾಕಿ ತಿನ್ನುತ್ತೆ? ದೀಪಕ್ಕೆ ಹಿಡಿದು ನೋಡೋಕೆ ಅಂತ ಯಾರೋ ಚುಚ್ಚಿದ್ದಾರೆ ಕಣೇ."

ಕರಡಿಯನ್ನು ಬೆಳಕಿಗೆ ಹಿಡಿದೆ. ಬರೀ ಕಾಗದ. ಸಿಂಹವೂ ಅಷ್ಟೇ.

ಅಷ್ಟರಲ್ಲಿ ಅಂಗಡಿಯ ಯಜಮಾನರು ಬಂದರು. ಕರಡಿಯ ಪುಟವನ್ನೇ ಕಿಟಕಿಗೆ ಹಿಡಿದು, "ಭೇಷ್! ಒಂದು ಚುಕ್ಕೆ ಬೆಳಕೂ ನುಸುಳಲ್ಲ ನೋಡು!" ಅಂದರು.

ಅಕ್ಕ ಕೆಮ್ಮಿದಳು. ಅವರು ಹೊಗಳುತ್ತಲೇ ಇದ್ದರು. ನನ್ನ ಕೈ ಡ್ರಾಯರಿನೊಳಗೆ ಸೂಜಿಗಾಗಿ ತಡಕಾಡುತ್ತಿತ್ತು.